ಐವತ್ತಮೂರನೇ ಇಸವಿಯ ಅಲಿಕುಂಞಿ

ಅಲಿಕುಂಞಿಯವರು ಕುಳಿತದ್ದನ್ನು ಕಂಡವರಿಲ್ಲ. ದುಬೈಯ ರಾಸ್ ಅಲ್ ಖೋರಿನ ಹಳೆಯ ಕಾರುಗಳ ಬಿಡಿಭಾಗಗಳ ಅಂಗಡಿಯಲ್ಲಿ, ಬಂಪರು ಬಾಗಿಲು ರೇಡಿಯೇಟರುಗಳ ನಡುವೆ ಮೂವತ್ತು ವರ್ಷಗಳಿಂದ ಬಲಗಾಲನ್ನು ಸ್ವಲ್ಪ ಎಳೆಯುತ್ತ ಸುತ್ತುವ ಈ ಮಹಾನುಭಾವರು ಚಹಾವನ್ನೂ ನಡೆಯುತ್ತಲೇ ಕುಡಿದು ಅರ್ಧವನ್ನು ಅಂಗಿಗೆ ಕುಡಿಸುತ್ತಾರೆ. ಗಿರಾಕಿ ಬಾಯಿ ತೆರೆಯುವ ಮೊದಲೇ, "ಯಾವ ವರ್ಷದ ಮಾಡೆಲ್?" ಒಂದು ವರ್ಷ ಹಿಂದುಮುಂದಾದ ಭಾಗವನ್ನು ಅವರು ಯಾರಿಗೂ ದಾಟಿಸಿದವರಲ್ಲ. "ಆ ವರ್ಷದ್ದು ಮಾಫಿ, ಇಲ್ಲ, ಹೋಗಿ" ಎಂದರೆ ಮುಗಿಯಿತು.

ಇಂಥವರ ತಲೆಯೊಳಗೆ ಸಾವಿರದ ಒಂಬೈನೂರ ಐವತ್ತಮೂರನೇ ಇಸವಿಯ ಕನ್ನಡ ಸಾಹಿತ್ಯ ತುಂಬಿದೆಯೆಂದರೆ ನಂಬುತ್ತೀರಾ? ಆ ಜುಲೈಯಲ್ಲಿ ಕಾಗದ ಸಿಗದೆ ಕಣ್ಣುಮುಚ್ಚಿದ ಮಾಸಿಕ, ಅದರೊಡನೆ ಬಾವಿಕಟ್ಟೆಯ ಮೇಲೆಯೇ ಉಳಿದುಹೋದ ಧಾರಾವಾಹಿಯ ನಾಯಕಿ, ದೀಪಾವಳಿ ಸಂಚಿಕೆಯ ಬಹುಮಾನಕ್ಕಾಗಿ ಇಬ್ಬರು ಕವಿಗಳು ನಡೆಸಿದ ಪತ್ರಜಗಳ, ಎಲ್ಲವೂ ಕಂಠಪಾಠ. ಆದರೆ ಐವತ್ತೆರಡರ ಸುದ್ದಿ ಎತ್ತಿ ನೋಡಿ, ಅವರು ಆಗಲೇ ಅಂಗಡಿಯ ಆ ತುದಿಯಲ್ಲಿರುತ್ತಾರೆ.

ಕಾರಣ, ಅವರ ತಾಯಿ ಐಸಮ್ಮ, ನಮಗೆಲ್ಲ ಉಮ್ಮ. ಆ ವರ್ಷ, ಹದಿನಾರರ ಹುಡುಗಿ, ತಂದೆಗೆ ಹೆದರಿ ಹೆಸರಿಲ್ಲದೆ ಒಂದು ಪದ್ಯವನ್ನು ಯಾವುದೋ ಪತ್ರಿಕೆಗೆ ಕಳಿಸಿದ್ದರು. ಅಚ್ಚಾಯಿತೆಂದು ಗೆಳತಿ ಹೇಳಿದಳೇ ಹೊರತು ಕಣ್ಣಾರೆ ಕಾಣಲಿಲ್ಲ. ಈಗ ಎಂಬತ್ತೆಂಟರಲ್ಲಿ ದೃಷ್ಟಿ ಹೋಗಿದೆ, ಪತ್ರಿಕೆಯ ಹೆಸರೂ ಪದ್ಯದ ಸಾಲುಗಳೂ ಮರೆತಿವೆ. ಒಮ್ಮೆ ಕೇಳಿದರೆ ಗುರುತು ಹಿಡಿಯುತ್ತೇನೆ ಎನ್ನುತ್ತಾರೆ.

ಮಗನಿಗೆ ಅಷ್ಟೇ ಸಾಕಾಯಿತು. ಊರಿಗೆ ಹೊರಟವರನ್ನೆಲ್ಲ ಹಿಡಿದು, "ಒಣಮೀನು ಬೇಡ, ಹಪ್ಪಳ ಬೇಡ, ಹಳೇ ಪತ್ರಿಕೆ ತನ್ನಿ ಮಾರಾಯ್ರೆ" ಎಂದು ಪ್ರಾಣ ತಿನ್ನುತ್ತಾರೆ. ಬಂದದ್ದನ್ನು ಓದುವ ಕೆಲಸ, ಒಮ್ಮೆ ಗಿರಾಕಿಯಾಗಿ ಹೋಗಿ ಸಿಕ್ಕಿಬಿದ್ದ ನನ್ನದು. ಮೈಸೂರಿನವನ ಉಚ್ಚಾರ ಚೊಕ್ಕವೆಂಬುದು ಅವರ ಭ್ರಮೆ. ಪ್ರತಿ ಭಾನುವಾರ ಅವರ ಫ್ಲಾಟಿನಲ್ಲಿ ನಾನು ಓದುವುದು, ಅವರು ಬಾಗಿಲಿನಿಂದ ಕಿಟಕಿಗೆ ಅಲೆಯುವುದು, ಉಮ್ಮ ತಲೆಯಾಡಿಸಿ "ಇದಲ್ಲ" ಎನ್ನುವುದು. ಆರು ವರ್ಷ! ನನಗಂತೂ ಸಾಕುಸಾಕಾಗಿತ್ತು.

ಕಳೆದ ತಿಂಗಳು ರುವೈಸಿನ ತೈಲಾಗಾರದಲ್ಲಿರುವ ಗೆಳೆಯ ವಿಕ್ಟರ್ ರಜೆ ಮುಗಿಸಿ ಬರುವಾಗ ರಕ್ಷಾಪುಟವಿಲ್ಲದ ಸಂಚಿಕೆಯೊಂದನ್ನು ತಂದುಕೊಟ್ಟ. ಆತುರಕ್ಕೆ ಬಿದ್ದ ಅಲಿಕುಂಞಿಯವರು ವರ್ಷವನ್ನೂ ನೋಡದೆ ಅದನ್ನು ನೇರವಾಗಿ ನನ್ನ ಕೈಗಿಟ್ಟರು. ಹೆಸರಿಲ್ಲದ ಪದ್ಯ, ಕಡವಿನಲ್ಲಿ ದೋಣಿಗೆ ಕಾಯುವ ಹುಡುಗಿಯದು. ಓದಿ ಮುಗಿಸಿದೆ. ಉಮ್ಮ ಮಗನ ಹೆಜ್ಜೆಯ ಸಪ್ಪಳದತ್ತ ಮುಖ ತಿರುಗಿಸಿ, "ಇದೇ" ಎಂದರು.

ಅಲಿಕುಂಞಿಯವರು ಕುಳಿತರು. ನೆಲದ ಮೇಲೆ, ತಾಯಿಯ ಕಾಲ ಬಳಿ, ದೊಪ್ಪನೆ ಕುಳಿತು ಮಗುವಿನಂತೆ ಅತ್ತರು. ಆಮೇಲೆ ಪತ್ರಿಕೆಯನ್ನು ಎದೆಗವಚಿಕೊಂಡು ಚಹಾ ಮಾಡಲು ಒಳಗೆ ಹೋದರು.

ಉಮ್ಮ ನನ್ನ ಕೈ ತಡವಿ ಹಿಡಿದರು. "ಅದು ನಂದಲ್ಲ ಮಗಾ. ಅವ ಒಮ್ಮೆ ಕೂತ್ಕೊಳ್ಳಲಿ ಅಂತ ಹೇಳಿದ್ದು. ನೀನು ಹೇಳ್ಬೇಡ, ಆಯ್ತಾ?"

ಲಿಫ್ಟಿನವರೆಗೆ ಬೀಳ್ಕೊಡಲು ಬಂದ ಮಗ, ಕೊನೆಯ ಪುಟದಡಿಯ ಮುದ್ರಕರ ಸಾಲಿನ ಮೇಲೆ ಬೆರಳಿಟ್ಟರು. ಮಾರ್ಚ್, ಐವತ್ತನಾಲ್ಕು.

"ವರ್ಷ ಬೇರೆ ಸರ್. ಅಡುಗೆಮನೆಯಲ್ಲಿ ನೋಡಿದೆ. ಉಮ್ಮನಿಗೆ ಹೇಳ್ಬೇಡಿ, ಖುಷಿಯಲ್ಲಿದ್ದಾರೆ."

"ಹಾಗಾದರೆ ಹುಡುಕುವುದು ಖಲಾಸ್?"

"ಎಂತ ಖಲಾಸ್? ಹುಡುಕ್ತೇನೆ. ಆದ್ರೆ ಹೆಜ್ಜೆ ಸದ್ದು ಕೇಳಿದ್ರೆ ಉಮ್ಮನಿಗೆ ಗೊತ್ತಾಗ್ತದೆ, ಇನ್ನು ಅವರ ಎದುರು ಕೂತ್ಕೊಂಡೇ ಇರ್ತೇನೆ."

ಮುಂದಿನ ಭಾನುವಾರ ಹೋದಾಗ ಅವರು ನಿಜವಾಗಿಯೂ ಕುರ್ಚಿಯಲ್ಲಿದ್ದರು; ಮೊಣಕಾಲು ಮಾತ್ರ ಒಂದೇ ಸಮನೆ ಕುಣಿಯುತ್ತಿತ್ತು. ಇಂಥವರ ಕುಲವೇ ಹೀಗೆ. ಲೋಕಕ್ಕೆಲ್ಲ ಸರಿಯಾದ ವರ್ಷದ್ದನ್ನೇ ಅಳೆದು ಕೊಡುತ್ತಾರೆ. ತಮ್ಮವರು ವರ್ಷ ತಪ್ಪಿದ್ದನ್ನು ಕೊಟ್ಟರೂ ಎರಡು ಕೈ ಚಾಚಿ ತೆಗೆದುಕೊಳ್ಳುತ್ತಾರೆ.