ಗಗನಭೀಮ ಕಾದು ನಿಂತ ಪುಟ

ಆ ದಿನಗಳಲ್ಲಿ ನನ್ನ ಮೇಜಿನ ತುಂಬ ಖಾಲಿ ಗುಳ್ಳೆಗಳು. ಮಕ್ಕಳ ಮಾಸಪತ್ರಿಕೆಯ ಚಿತ್ರಕತೆಗಳಿಗೆ ಚಿತ್ರ ಬರೆಯುವುದು ನನ್ನ ಕೆಲಸ. ಮೊದಲು ಮುಖ, ಅದರ ಮೇಲೊಂದು ಗುಳ್ಳೆ, ಕಡೆಗೆ ಗುಳ್ಳೆಯೊಳಗೆ ಮಾತು. ಮಾತಿಲ್ಲದ ಗುಳ್ಳೆ ಅಚ್ಚಿಗೆ ಹೋಗಕೂಡದೆಂಬುದು ಸಂಪಾದಕ ನರಹರಿರಾಯರ ಕಟ್ಟಪ್ಪಣೆ.

ನಮ್ಮ ಪತ್ರಿಕೆಯ ಗಗನಭೀಮನಿಗಿದ್ದ ಹೆಸರು ಊರಿನ ಯಾವ ದೊಡ್ಡ ಮನುಷ್ಯನಿಗೂ ಇರಲಿಲ್ಲ. ಅವನು ಹಾರುತ್ತಿದ್ದ, ಬಂಡೆ ಎತ್ತುತ್ತಿದ್ದ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಲೋಕ ಸುತ್ತಿ ಬರುತ್ತಿದ್ದ. ಬಿಸ್ಕತ್ತಿನ ಪೊಟ್ಟಣದ ಮೇಲೂ ಅವನೇ, ಕ್ಷೌರದಂಗಡಿಯ ಗೋಡೆಯ ಮೇಲೂ ಅವನೇ. ಅವನ ತೋಳು ಬರೆದೂ ಬರೆದೂ ನನಗೆ ತಲೆ ಚಿಟ್ಟು ಹಿಡಿದಿತ್ತು.

ಹಾಗಾಗಿ ಕತೆಗಾರ್ತಿ ವಸುಧಕ್ಕ ಬೇರೆಯದೇ ಕತೆ ತಂದಾಗ ನನಗೆ ಹಿಗ್ಗಾಯಿತು. ಕತೆಯ ತುಂಗಿ ಉಗ್ಗುವ ಹುಡುಗಿ. ಹೊಸ ಶಾಲೆಯಲ್ಲಿ ತನ್ನ ಹೆಸರನ್ನು ತಾನೇ ಹೇಳಬೇಕು, ಅಷ್ಟೇ ಕತೆ. ಯಾರಿಗಾಗಿ ಬರೆದರೆಂದು ಕೇಳಬೇಕಾಗಿರಲಿಲ್ಲ. ಅವರ ಮಗಳು ಮಂದಾಕಿನಿಗೂ ಉಗ್ಗಿತ್ತು. ಬೇಸಿಗೆ ರಜೆ ಮುಗಿದೊಡನೆ ಅವಳೂ ಹೊಸ ಶಾಲೆಗೆ ಸೇರಬೇಕಿತ್ತು, ಒಲ್ಲೆನೆಂದು ಹಟ ಹಿಡಿದಿದ್ದಳು. ಆ ಕತೆ ಓದಿದರೆ ಮನಸ್ಸು ಬದಲಾದೀತೆಂದು ತಾಯಿಯ ಆಸೆ.

ಕತೆ ಚೆನ್ನಾಗಿದೆ, ಆದರೆ ಗಗನಭೀಮನಿಲ್ಲದ ಚಿತ್ರಕತೆಯನ್ನು ಮಕ್ಕಳು ಮೂಸಿಯೂ ನೋಡುವುದಿಲ್ಲ ಎಂದರು ರಾಯರು. ಒಂದು ಪುಟದಲ್ಲಾದರೂ ಅವನು ಬರಬೇಕು, ಇಲ್ಲವೇ ಕತೆಯೇ ಬೇಡ. ವಸುಧಕ್ಕನ ಮುಖ ಸಣ್ಣಗಾಯಿತು.

"ಅವ್ನು ಬಂದ್ರೆ ಸುಮ್ನಿರ್ತಾನಾ ರಾಯರೇ? ತುಂಗಿ ಹೇಳ್ಬೇಕಾದ್ದನ್ನೂ ತಾನೇ ಹೇಳ್ಬಿಡ್ತಾನೆ" ಎಂದರು.

ವಸುಧಕ್ಕ ಬಂದು ನನ್ನ ಮೇಜಿನ ಮುಂದೆ ಕುಳಿತರು. ಜೊತೆಗೆ ಬಂದಿದ್ದ ಮಂದಾಕಿನಿ ನಾನು ಬರೆಯುತ್ತಿದ್ದ ಗಗನಭೀಮನನ್ನೇ ನೋಡುತ್ತಿದ್ದಳು. ಇವನು ನಿನಗೆ ಇಷ್ಟವೇ ಎಂದು ಕೇಳಿದೆ. ಅವಳ ತುಟಿ ಇನ್ನೂ ಮೊದಲ ಅಕ್ಷರದಲ್ಲೇ ತಡವರಿಸುತ್ತಿರುವಾಗ, ಅವಳಿಗೆ ಅವನೆಂದರೆ ಪ್ರಾಣ ಎಂದು ವಸುಧಕ್ಕ ಉತ್ತರ ಕೊಟ್ಟುಬಿಟ್ಟರು. ಹುಡುಗಿ ಬಾಯಿ ಮುಚ್ಚಿಕೊಂಡಳು. ನನಗೆ ಕೆಡುಕೆನಿಸಿತು. ಮಗಳ ಕಷ್ಟ ನೋಡಲಾರದೆ ಮಾಡುವ ಕೆಲಸವದು. ತಾಯಿಗೆ ಅದನ್ನು ಹೇಗೆ ಹೇಳುವುದು? ನಾನು ಗಗನಭೀಮನ ವಿಷಯವನ್ನಷ್ಟೇ ಎತ್ತಿದೆ.

"ಅಕ್ಕಾ, ಅವನು ಹೆಸರು ಕೇಳಿ ಸುಮ್ನೆ ಕಾಯ್ತಾ ನಿಂತ್ರೆ?"

ವಸುಧಕ್ಕ ಆ ಪುಟವನ್ನು ಅಲ್ಲೇ ಕುಳಿತು ಬರೆದರು. ಶಾಲೆಯ ಮೆಟ್ಟಿಲ ಬಳಿ ಗಗನಭೀಮ ತುಂಗಿಯ ಹೆಸರು ಕೇಳುತ್ತಾನೆ. ಮುಂದಿನ ಚಿತ್ರದ ಚೌಕದಲ್ಲಿ ನಿಂತಿದ್ದಾನೆ. ಅದರ ಮುಂದಿನದರಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದಾನೆ. ಆಮೇಲೆ ಗಲ್ಲಕ್ಕೆ ಕೈ. ಪ್ರತಿ ಚೌಕದಲ್ಲೂ ತುಂಗಿಯ ತಲೆಯ ಮೇಲೆ ಖಾಲಿ ಗುಳ್ಳೆ, ಕಡೆಯದರಲ್ಲಿ ಮಾತ್ರ ಅವಳ ಹೆಸರು. ಇಡೀ ಕತೆಯಲ್ಲಿ ಗಗನಭೀಮನದು ಅಷ್ಟೇ ಕೆಲಸ. ಅಷ್ಟು ಮನಸ್ಸಿಟ್ಟು ನಾನು ಅವನನ್ನು ಎಂದೂ ಬರೆದಿರಲಿಲ್ಲ.

ಚಿತ್ರ ಮುಗಿದು ತಾಯಿ ಮಗಳು ನೋಡಲು ಬಂದ ದಿನ ರಾಯರು ಅದೇ ಪುಟ ಹಿಡಿದುಕೊಂಡು ಬಂದರು. ಮಾತು ತುಂಬುವುದನ್ನು ನಾನು ಮರೆತೆನೆಂದೇ ಅವರು ತಿಳಿದಿದ್ದರು. ಪಾಪ, ಅಷ್ಟೂ ಗುಳ್ಳೆಗಳಲ್ಲಿ ತಾವೇ ಪೆನ್ಸಿಲಿನಿಂದ ತುಂಗಿಯ ಹೆಸರು ಬರೆದು ತಂದಿದ್ದರು.

ವಸುಧಕ್ಕ ರಬ್ಬರ್ ತೆಗೆದುಕೊಂಡು ಒಂದೊಂದೇ ಗುಳ್ಳೆಯನ್ನು ಅಳಿಸತೊಡಗಿದರು.

"ಅವ್ಳು ಹೇಳ್ತಾಳೆ ರಾಯರೇ. ನಾವೇ ಬಾಯಿ ಹಾಕಿದ್ರೆ ಅವ್ಳು ಹೇಳೋದು ಯಾವಾಗ?"

ಹಾಗೆಂದವರ ಕೈ ಅಲ್ಲೇ ನಿಂತಿತು. ಅವರು ತಿರುಗಿ ಮಗಳನ್ನು ನೋಡಿದರು. ಅವರ ಕಣ್ಣು ತುಂಬಿತ್ತು.

ರಾಯರಿಗೆ ಅದೊಂದೂ ತಿಳಿಯಲಿಲ್ಲ. ಓದುವವಳು ನೀನು, ನೀನೇ ಹೇಳಮ್ಮ, ಇದು ಹೀಗೇ ಖಾಲಿ ಇರಬೇಕೇ ಎಂದು ಮಂದಾಕಿನಿಯನ್ನೇ ಕೇಳಿದರು.

"ಬೇ... ಬೇ..."

ಅಭ್ಯಾಸಬಲದಿಂದ ವಸುಧಕ್ಕನ ತುಟಿ ತೆರೆಯಿತು. ಅವರು ಸೆರಗಿನಿಂದ ಬಾಯಿ ಒತ್ತಿ ಹಿಡಿದರು. ಒಳಗೆಲ್ಲೋ ಅಚ್ಚಿನ ಯಂತ್ರ ಸದ್ದು ಮಾಡುತ್ತಿತ್ತು.

"ಬೇ... ಬೇಕು. ಅ... ಅವನು ಕಾ... ಕಾಯ್ಲಿ."

ಅವಳ ಮಾತು ಅಲ್ಲಿಗೇ ಮುಗಿದಿರಲಿಲ್ಲ. ಇನ್ನೇನೋ ಹೇಳಲು ಮತ್ತೆ ಉಸಿರೆಳೆದುಕೊಂಡಳು. ನಾವು ಮೂವರು ದೊಡ್ಡವರೂ ಕಾಯುತ್ತಾ ನಿಂತೆವು.