ಮಾರಾಟಕ್ಕಲ್ಲ

ಮುನ್ನೂರು ಮಾತ್ರೆಗಳ ಪೆಟ್ಟಿಗೆ ಮೂರನೆಯ ಸಲ ಗೇಟಿನಿಂದ ವಾಪಸು ಬಂದು ಪ್ರಯೋಗಾಲಯದ ಮೇಜಿನ ಮೇಲೆ ಕೂತಿತ್ತು. ಔಷಧ ಕಾರ್ಖಾನೆಯ ಕೆಮಿಸ್ಟ್ ಗ್ಲೌಸು ಕಿತ್ತೆಸೆದು, ಪೆಟ್ಟಿಗೆಯನ್ನು ಅವುಚಿಕೊಂಡು ಗೇಟಿನ ಗುಮಾಸ್ತನ ಕಿಟಕಿಗೆ ಹೋದಳು.

“ಇವತ್ತೇನಣ್ಣಾ ತಕರಾರು?”

“ನಂದೇನಿಲ್ಲ ತಾಯಿ. ಫಾರ್ಮಲ್ಲಿ ಇರೋದು ಎರಡೇ ಚೌಕ. ಒಂದು ‘ವಾಪಸು ಬರುವ ಮಾಲು’, ಇನ್ನೊಂದು ‘ಮಾರಾಟ’. ಪರೀಕ್ಷೆಗೆ ಹೋದ ಮಾತ್ರೆ ವಾಪಸು ಬರುತ್ತಾ? ಇಲ್ಲ. ಅಂದ್ಮೇಲೆ ಮಾರಾಟ. ಬ್ರೇಕ್ ಸಾಹೇಬ್ರು ತಡೆದ್ರು.”

ಬ್ರೇಕ್ ಸಾಹೇಬರೆಂದರೆ ಕಾನೂನು ಅಧಿಕಾರಿ. ಅವಳು ಸೀದಾ ಅವರ ಕೋಣೆಗೆ ನಡೆದಳು.

“ಕೂತ್ಕೊಳ್ಳಮ್ಮ.”

ಅವಳು ಕೂರಲಿಲ್ಲ. “ಸಾರ್, ಈ ಮಾತ್ರೆಯ ಪೇಟೆಂಟ್ ಬೇರೆ ಕಂಪನಿಯವರದೇ ಇರಲಿ. ಸರ್ಕಾರದ ಅನುಮತಿಗೆ ಬೇಕಾದ ಪರೀಕ್ಷೆಗೆ ಅಂತ ಈಗ್ಲೇ ಮಾಡ್ಬಹುದು. ಕಾನೂನೇ ಬಿಟ್ಟಿದೆ. ಹೇಳ್ಕೊಟ್ಟವರು ನೀವೇ.”

“ಪರೀಕ್ಷೆಗೆ ಬಿಟ್ಟಿದೆ, ಮಾರಾಟಕ್ಕಲ್ಲ. ಕಾಗದದಲ್ಲಿ ಮಾರಾಟ ಅಂತಿದೆ. ನಾಳೆ ಅವರು ಕೋರ್ಟಿಗೆ ಎಳೆದ್ರೆ? ಹಿಂದೆ ಇಂಥದೇ ಒಂದು ಪದಕ್ಕೆ ಏಳು ವರ್ಷ ಅಲೆದಿದೀನಿ.”

“ಹಾಗಾದ್ರೆ ಪದ ತಿದ್ದಿ!”

“ಅದಕ್ಕೆ ಸಮಿತಿ ಕೂರ್ಬೇಕು. ಎರಡು ವರ್ಷ ಕಳೀಲಿ, ಪೇಟೆಂಟ್ ಮುಗಿದ ಮೇಲೆ ನೆಮ್ಮದಿಯಾಗಿ ಮಾಡೋಣ.”

“ಮನೆಗೆ ಬೆಂಕಿ ಬಿದ್ಮೇಲೆ ನೆಮ್ಮದಿಯಾಗಿ ಬಾವಿ ತೋಡೋಣ ಅಂದ ಹಾಗಾಯ್ತು! ಆಗ ಶುರು ಮಾಡಿದ್ರೆ ಅನುಮತಿಗೆ ಇನ್ನೆರಡು ವರ್ಷ. ಅಲ್ಲೀವರೆಗೂ ಅಂಗಡೀಲಿ ಅವರದೊಂದೇ ಮಾತ್ರೆ, ಅವರು ಹೇಳಿದ್ದೇ ಬೆಲೆ. ನಮ್ಮಕ್ಕ ಅದನ್ನ ಚಾಕುವಲ್ಲಿ ಕತ್ತರಿಸಿ ದಿನಕ್ಕೆ ಅರ್ಧ ನುಂಗ್ತಾಳೆ ಸಾರ್.”

ಹೇಳಬಾರದಿತ್ತು ಎನಿಸಿತು. ಮನೆಯ ಮಾತನ್ನು ಆಫೀಸಿಗೆ ತಂದವಳಲ್ಲ ಅವಳು.

“ಅರ್ಧಕ್ಕೆ ಅರ್ಧ ಗುಣವಾದ್ರೂ ಇರುತ್ತಾ?” ಸಾಹೇಬರು ಮೆಲ್ಲಗೆ ಕೇಳಿದರು.

ಅಕ್ಕನೂ ಎಷ್ಟೋ ಸಲ ಇದನ್ನೇ ಕೇಳಿದ್ದಳು. ಪ್ರತಿಸಲವೂ ತಂಗಿ ಮಾತು ತೇಲಿಸಿದ್ದಳು.

“ಇಲ್ಲ ಸಾರ್.”

ಸಾಹೇಬರು ಪೆಟ್ಟಿಗೆಯ ಮೇಲಿದ್ದ ಫಾರ್ಮಿನಲ್ಲಿ ‘ಮಾರಾಟ’ವನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಅನುಮತಿಯ ಪರೀಕ್ಷೆಗೆ ಮಾತ್ರ’ ಎಂದು ಬರೆದು ಸಹಿ ಹಾಕಿದರು. ಪೆಟ್ಟಿಗೆಯನ್ನು ತಾವೇ ಗೇಟಿಗೆ ಹೊತ್ತುಕೊಂಡು ಹೋದರು.

“ಸಮಿತಿಯವರು ಕೇಳಿದ್ರೆ?” ಎಂದ ಗುಮಾಸ್ತ.

“ನನ್ನ ಹತ್ರ ಕಳಿಸು.”

ವ್ಯಾನು ಹೊರಟಿತು. “ಇಷ್ಟೇನಾ ಸಾರ್? ಮೂರು ವಾರದ ಹಿಂದೇನೇ ಬರ್ದಿದ್ರೆ ಆಗ್ತಿತ್ತಲ್ಲ!” ಎಂದ ಗುಮಾಸ್ತ.

ಕೆಮಿಸ್ಟ್ ಅವನನ್ನು ನುಂಗುವಂತೆ ನೋಡಿದಳು. ಸಾಹೇಬರು ಖಾಲಿ ಫಾರ್ಮುಗಳ ಕಟ್ಟನ್ನು ಕಿಟಕಿಯಿಂದ ಎಳೆದುಕೊಂಡು, ನಿಂತಲ್ಲೇ, ಒಂದೊಂದರಲ್ಲೂ ಮೂರನೆಯ ಚೌಕ ಬರೆಯತೊಡಗಿದರು.