ನೋವಿನ ಪುಸ್ತಕ

ಮನೆಯೊಳಗೇ ಉಳಿಯಬೇಕಿದ್ದ ಮಾತಿದು, ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ. ಸತ್ತ ಅಕ್ಕ ಲಮ್ಯಾಯಿಯ ಅಂಗೈಗೆ ನೀರು ಬಿಡಲು ಬೋಗುಣಿ ಎತ್ತಿದ ತಂಗಿ ಬುವಾ, ಹಿಂದಿದ್ದವರಿಗೆ ದಾರಿ ಬಿಟ್ಟು ಮತ್ತೆ ಪಕ್ಕಕ್ಕೆ ಸರಿದಳು. ಇದು ಮೂರನೆಯ ಸಲ.

ನೀರು ಬಿಡುವವರು ಸತ್ತವರ ಹತ್ತಿರ ತಮ್ಮ ತಪ್ಪಿಗೆ ಕ್ಷಮೆ ಕೇಳಬೇಕು. ಬೌದ್ಧ ವಿಹಾರದ ಚಾವಡಿಯಲ್ಲಿ ಮೆಕಾಂಗ್ ನದಿ ದಂಡೆಯ ಸಂತೆಯವರೆಲ್ಲ ಸಾಲು ನಿಂತಿದ್ದರು.

"ಅಂತೂ ಇವಳ ಮುಖ ಸಡಿಲಾಯ್ತು ನೋಡ್ರೋ," ಎಂದ ಐಸ್ ಮಾರುವ ತೋಂಗ್ ಮಾವ. "ಇಪ್ಪತ್ತು ವರ್ಷ ಮೀನು ಸುಟ್ಟು ಮಾರಿದಳು, ಒಂದಿನ ನಕ್ಕಿದ್ದು ಕಾಣೆ."

"ಬಾಯಿ ತೆರೆದ್ರೆ ಕೆನ್ನೆಗೆ ಕರೆಂಟು ಹೊಡೀತಿತ್ತಲ್ಲ ಮಾವ, ಹೆಂಗೆ ನಗ್ತಾಳೆ?" ಎಂದಳು ಪಕ್ಕದ ಅಂಗಡಿಯ ಚುವೆನ್. "ನಂದೂ ಅದೇ ಕಾಯಿಲೆ. ಲಮ್ಯಾಯಿ ಅಕ್ಕ, ನಿನ್ನ ಸಿಡುಕಿ ಅಂತ ಆಡ್ಕೊಂಡಿದ್ದೆ, ಕ್ಷಮಿಸಿಬಿಡು." ಅವಳ ನೀರು ಸರಾಗವಾಗಿ ಬಿತ್ತು.

* * *

ತಲೆನೋವು, ಮುಖದ ನೋವಿಗೆಂದು ಆಸ್ಪತ್ರೆಯಲ್ಲಿ ಉರಿಯೂತ ತಗ್ಗಿಸುವ ಹೊಸ ಗುಳಿಗೆಯ ಪರೀಕ್ಷೆ ನಡೆದಿತ್ತು. ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಬರೀ ಹಿಟ್ಟಿನ ಗುಳಿಗೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ತಿಳಿಯದು. ಸೊನ್ನೆಯಿಂದ ಹತ್ತರವರೆಗೆ ನೋವಿನ ಅಂಕಿಯನ್ನು ದಿನವೂ ಪುಸ್ತಕದಲ್ಲಿ ಬರೆಯಬೇಕು. ಅದಕ್ಕೆ ಸೇರಿದ್ದ ಲಮ್ಯಾಯಿಗೆ ಓದು ಬರಹ ಬಾರದು. ಬರೆಯುತ್ತಿದ್ದವಳು ಬುವಾ.

"ಎಷ್ಟು ಹಾಕ್ಲಿ?"

"ಎಂಟು."

"ದಿನಾ ಎಂಟೇನೇ? ಆ ಡಾಕ್ಟರು ನಮ್ಮಂಥೋರಿಗೂ ಕೈ ಮುಗಿದು ಮಾತಾಡ್ಸ್ತಾರೆ. ಅವರ ಮನಸ್ಸಿಗೆ ಹೆಂಗಾಗಬೇಡ?"

ಲಮ್ಯಾಯಿ ಕೆನ್ನೆಗೆ ಕೈಯೊತ್ತಿ ಯೋಚಿಸಿದಳು. "ಹಂಗಾದ್ರೆ ನಾಲ್ಕು ಹಾಕು."

ಬುವಾ ಮೂರು ಬರೆದಳು. ಮುಂದಿನ ತಿಂಗಳು ಎರಡು.

"ಹೊಟ್ಟೆ ಉರೀತದೆ ಕಣೇ. ಹೊರಕಡೆ ಹೋದ್ರೆ ಇದ್ದಿಲಂಗೆ ಕಪ್ಪಗೆ ಹೋಗ್ತದೆ."

"ಥೂ, ಅದನ್ನೆಲ್ಲ ದೊಡ್ಡೋರಿಗೆ ಬರೆದು ಕೊಡ್ತಾರಾ?"

'ಬೇರೆ ತೊಂದರೆ' ಎಂಬಲ್ಲಿ ಅವಳು 'ಇಲ್ಲ' ಎಂದು ಬರೆದಳು. ಆರು ವಾರ ಹಾಗೇ ಬರೆದಳು. ಮೊನ್ನೆ ಲಮ್ಯಾಯಿ ಮೀನಿನ ಒಲೆಯ ಮುಂದೆಯೇ ರಕ್ತ ಕಾರಿಕೊಂಡು ಬಿದ್ದಳು.

* * *

ಚಾವಡಿಗೆ ಬಂದಿದ್ದ ಆಸ್ಪತ್ರೆಯ ನರ್ಸ್ ಕನ್ನಿಕಾ ನೀರು ಬಿಟ್ಟು ಬುವಾಳ ಪಕ್ಕದಲ್ಲಿ ಕೂತಳು.

"ಹೊಟ್ಟೆ ಹುಣ್ಣು ಒಡೆದಿದೆ. ನಮಗೂ ಭಯ ಆಗಿತ್ತಮ್ಮ, ಮದ್ದಿಂದಲೇ ಏನೋ ಅಂತ. ಆದ್ರೆ ಪುಸ್ತಕದಲ್ಲಿ ಒಂದು ದಿನಾನೂ ಹೊಟ್ಟೆ ವಿಷಯ ಇಲ್ಲ. ಮದ್ದಿಂದಲ್ಲ ಅಂತ ತೀರ್ಮಾನ ಆಯ್ತು. ಹೊಸಬರಿಗೆ ಪುಸ್ತಕ ಇವತ್ತೇ, ಗುಳಿಗೆ ನಾಳೆಯಿಂದ ಶುರು."

"ಸಿಸ್ಟರ್, ಆ ಪುಸ್ತಕ..."

"ಅಳಬೇಡಿ. ಅಷ್ಟು ಚೊಕ್ಕವಾಗಿ ಯಾರೂ ಬರೆದಿಲ್ಲ ಅಂತ ಡಾಕ್ಟರೇ ಹೇಳಿದ್ರು."

ಹೊಗಳಿಕೆಗೆ ಬುವಾಳ ಮುಖದಲ್ಲಿ ನಗು ಬಂತು. ಅವಳು ಕೈ ಮುಗಿದಳು.

ಆಮೇಲೆ ಎದ್ದು ಹೋಗಿ, "ಕಾಯಾ ವಾಚಾ ಮನಸಾ ಮಾಡಿದ್ದೆಲ್ಲ ಕ್ಷಮಿಸು ಅಕ್ಕ," ಎಂದು ಎಲ್ಲರೂ ಹೇಳುವುದನ್ನೇ ಹೇಳಿ ನೀರು ಬಿಟ್ಟಳು. ಅಕ್ಕನ ತಣ್ಣನೆಯ ಬೆರಳು ಅಲ್ಲಾಡಲಿಲ್ಲ.

ಮೆಟ್ಟಿಲ ಬಳಿ ಚುವೆನ್ ಕಾಯುತ್ತಿದ್ದಳು, ಕೈಯಲ್ಲಿ ಹೊಸ ಪುಸ್ತಕ. "ನಾನೂ ಸೇರ್ಕೊಂಡೆ ಬುವಾ. ನಂಗೂ ನೀನೇ ಬರ್ಕೊಡಬೇಕು. ಇವತ್ತಿಂದು ಎಂಟು."

ಬುವಾ ಒದ್ದೆ ಕೈಯನ್ನು ಕಪ್ಪು ಸುತ್ತುಬಟ್ಟೆಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಗುಂಡಗೆ, ಚೆಂದವಾಗಿ 'ಆರು' ಎಂದು ಬರೆದು, ಶಾಯಿ ಆರಲೆಂದು ಮೆಲ್ಲಗೆ ಊದಿದಳು.

ಲಮ್ಯಾಯಿ ನುಂಗಿದ್ದು ಮದ್ದೋ ಹಿಟ್ಟೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.